ಗಜಕರ್ಣವೂ ಮುಮಾನಿಯ ತೋಳಿನ ಗಂಟೂ

ಬ್ಯಾಡಗಿ,
ತಾ. 14-2-1988, ರವಿವಾರ

ಪ್ರೀತಿಯ ಬೇಟಿ ಕುಲ್ಸುಮಬಿಗೆ,

ನಿನ್ನ ದಾದಾಸಾಬ ಮಾಮು ಕಳಿಸಿರುವ ದುವಾಗಳನ್ನು ಮೊದಲು ಎರಡೂ ಕೈಯಿಂದ ತೆಗೆದುಕೊಂಡು, ಆಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತು ಈ ಕಾಗದ ಓದು. ನಿಂತುಕೊಂಡು ಓದಬೇಡ, ಕಾಗದ ಉದ್ದವಿದೆ, ನಿನಗೋ ಎಂಟು ತಿಂಗಳು ತುಂಬುತ್ತಾ ಬಂದಿದೆ. ಕಾಲಿನ ಬಾವು ಇಳಿಯಿತೇ? ಎದೆ ಉರಿಯುತ್ತದೆ ಎಂದು ಬರೆದಿದ್ದೆಯಲ್ಲ, ಅದು ಕೂಸಿನ ತಲೆಯಲ್ಲಿ ಕೂದಲು ದಟ್ಟವಾಗಿರುವ ಲಕ್ಷಣವಂತೆ. ಹಾಗಿದ್ದರೆ ಅದು ನಮ್ಮ ಕಡೆಯ ಕೂದಲು, ನಿನ್ನ ಗಂಡನ ಕಡೆಯದಲ್ಲ. ಶಮಶೇರಸಾಬನ ಬೀಜದ ಅಂಗಡಿ ಹೇಗೆ ನಡೆದಿದೆ? ಅವನ ನೆತ್ತಿಯ ಬಗ್ಗೆ ನಾನು ಹೀಗೆ ಬರೆದೆನೆಂದು ಹೇಳಬೇಡ, ಒಳ್ಳೆಯ ಹುಡುಗ. ನಿನ್ನ ಅತ್ತೆ ಬಿಸ್ಮಿಲ್ಲಾಬಿಯವರಿಗೂ ಅವರ ಮೊಣಕಾಲಿಗೂ ಬೇರೆ ಬೇರೆಯಾಗಿ ನನ್ನ ಸಲಾಂ ತಿಳಿಸು, ಎರಡೂ ಸಿಟ್ಟಿನವು. ಇಲ್ಲಿ ನಾನು ಕ್ಷೇಮ. ಎಷ್ಟು ಕ್ಷೇಮ ಎಂದು ಹೇಳುವುದಕ್ಕೇ ಇಷ್ಟು ಹಾಳೆ ತೆಗೆದುಕೊಂಡಿದ್ದೇನೆ.

ನಿನಗೆ ಗೊತ್ತಿರುವುದನ್ನೂ ಇದರಲ್ಲಿ ಮತ್ತೆ ಬರೆಯುತ್ತೇನೆ. ಯಾಕೆಂದರೆ ಇದನ್ನು ನೀನು ಗಟ್ಟಿಯಾಗಿ ಓದಬೇಕು. ನಿಮ್ಮ ಅಡುಗೆಮನೆಯಲ್ಲಿ, ತನಗೆ ಏನೂ ಕೇಳಿಸುತ್ತಿಲ್ಲ ಎಂಬಂತೆ ಬೆಳ್ಳುಳ್ಳಿ ಸುಲಿಯುತ್ತಾ ಕೂತವಳು ಒಬ್ಬಳಿದ್ದಾಳೆ. ಅವಳೇ ನನ್ನ ಹೆಂಡತಿ, ನಿನ್ನ ಮುಮಾನಿ ಸಕೀನಾಬಿ. ನಿನ್ನ ತಾಯಿ, ನನ್ನ ತಂಗಿ ಮಕ್ತುಮಬಿ, ನಿನ್ನನ್ನು ಇನ್ನೂ ಲಂಗ ಕಟ್ಟಲು ಬಾರದವಳನ್ನು ನಮ್ಮ ಮಡಿಲಿಗೆ ಬಿಟ್ಟು ತೀರಿಕೊಂಡಳು. ಅಂದಿನಿಂದ ಬ್ಯಾಡಗಿಯ ಈ ಮನೆಯೇ ನಿನ್ನ ತವರು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು, ಅದನ್ನು ಯಾರೂ ಬರೆದಿಡಬೇಕಾಗಿಲ್ಲ. ಏಳನೇ ತಿಂಗಳಲ್ಲಿ ನಿನ್ನನ್ನು ಕರೆತರಲು ಜೀಪು ಹೇಳಿದ್ದೆ. ಅಟ್ಟದ ಮೇಲಿದ್ದ ತೊಟ್ಟಿಲು ಇಳಿಸಿ ಹೊಸ ಹಗ್ಗ ಹಾಕಿಸಿದ್ದೆ. ಕೂಸಿನ ಕಿವಿಯಲ್ಲಿ ಮೊದಲ ಅಜಾನ್ ಹೇಳುವವನು ನಾನೇ ಎಂದು ಮೆಣಸಿನಕಾಯಿ ಪೇಟೆಯಲ್ಲಿ ಎಲ್ಲರಿಗೂ ಸಾರಿದ್ದೆ, ಗಂಟಲು ಸರಿಯಿರಲೆಂದು ಆಗಲೇ ಹುಳಿ ಬಿಟ್ಟಿದ್ದೆ. ಆದರೆ ಆ ಜೀಪಿನಲ್ಲಿ ಹತ್ತಿ ರಾಣೆಬೆನ್ನೂರಿಗೆ ಹೋದವಳು ನಿನ್ನ ಮುಮಾನಿ. ಅಲ್ಲಿಂದ ಇಲ್ಲಿಗೆ ಯಾರೂ ಬರಲಿಲ್ಲ. ಜೀಪು ಖಾಲಿ ಬಂತು. ಹೋಗುವಾಗ ಹೊಸ್ತಿಲ ಮೇಲೆ ನಿಂತು ಅವಳು ಹೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ: "ಕೂಸಿನ ಮೈ ಬೆಣ್ಣಿ ಇದ್ದಂಗ ಇರತೈತಿ. ಈ ಮನ್ಯಾಗ ನಿಮ್ಮ ಗಜಕರ್ಣ ಇರೂತನಕ ಕೂಸು ಇಲ್ಲಿ ಬರಂಗಿಲ್ಲ. ನಾನ ಅಲ್ಲಿ ಹೋಗಿ ಬಾಣಂತನ ಮಾಡತೇನಿ, ನೀವು ನಿಮ್ಮ ಗಜಕರ್ಣದ ಬಾಣಂತನ ಮಾಡಕೋತ ಕುಂದರ್ರಿ." ಈಗ ಪೇಟೆಯಲ್ಲಿ ಒಬ್ಬೊಬ್ಬರೂ ನನ್ನನ್ನು ನಿಲ್ಲಿಸಿ ಕೇಳುತ್ತಾರೆ: "ಏನ್ರಿ ದಾದಾಸಾಬರ, ಚೊಚ್ಚಲ ಬಾಣಂತನ ಬೀಗರ ಮನ್ಯಾಗಂತ, ಹೌದೇನ್ರಿ?" ನಾನು ಕೆಮ್ಮಿ ಮೆಣಸಿನಕಾಯಿಯ ಘಾಟಿನ ಮೇಲೆ ಹಾಕುತ್ತೇನೆ. ಬ್ಯಾಡಗಿಯ ಮೆಣಸಿನಕಾಯಿಗೆ ಘಾಟು ಕಡಿಮೆ ಎಂಬುದು ಅವರಿಗೂ ಗೊತ್ತು.

ಹಾಗಾದರೆ ಆ ಗಜಕರ್ಣದ ವಿಷಯಕ್ಕೆ ಬರುತ್ತೇನೆ. ಕೆಲವರು ಅದನ್ನು ಹುಳಕಡ್ಡಿ ಎನ್ನುತ್ತಾರೆ, ನಿನ್ನ ಮುಮಾನಿ ಅದನ್ನು ನನ್ನ ಎರಡನೇ ಹೆಂಡತಿ ಎನ್ನುತ್ತಾಳೆ, ನಾನು ಮಾತ್ರ ಪದಕ ಎನ್ನುತ್ತೇನೆ. ಯಾಕೆಂದರೆ ಅದು ನನಗೆ ಸಿಕ್ಕಿದ್ದು ಅಗಡಿಯ ಕುಸ್ತಿಯಲ್ಲಿ. ನಲವತ್ತು ದಾಟಿದ ಮೇಲೂ ಲಂಗೋಟಿ ಬಿಗಿದು ಅಖಾಡಕ್ಕೆ ಇಳಿದವನು ಈ ತಾಲೂಕಿನಲ್ಲಿ ನಾನೊಬ್ಬನೇ. ಮೋಟೆಬೆನ್ನೂರಿನ ನನ್ನ ದೋಸ್ತ ಕರಬಸಪ್ಪನೂ ಇಳಿದಿದ್ದನಾದರೂ ಅವನು ನನ್ನ ಎದುರಾಳಿಯಾಗಿದ್ದರಿಂದ ಅವನನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆ ದಿನ ನಾನು ಗೆದ್ದೆ. ಕರಬಸಪ್ಪ ಈಗಲೂ, "ನೀ ಗೆದ್ದಿದ್ರ ನಿನ್ನ ಬೆನ್ನಿಗೆ ಹತ್ತಿದ ಮಣ್ಣು ಎಲ್ಲಿಂದ ಬಂತಲೇ?" ಎಂದು ಕೇಳುತ್ತಾನೆ. ಅದು ಗಾಳಿಗೆ ಹಾರಿ ಬಂದ ಮಣ್ಣು. ಇರಲಿ. ಕುಸ್ತಿ ಮುಗಿದ ಕೆಲವು ದಿನಕ್ಕೆ ಇಬ್ಬರಿಗೂ ಮೈಮೇಲೆ ಉಂಗುರ ಬಿದ್ದವು. ಅವನಿಗೆ ಕುತ್ತಿಗೆಯ ಮೇಲೆ, ನನಗೆ ಲುಂಗಿ ಗಂಟು ಹಾಕುವ ಸೊಂಟದ ಮೇಲೆ. ಅವನದು ಕೆಂಪಾಗಿ, ಉರಿದು, ಸುಲಿದು, ಹೇಳದೆ ಕೇಳದೆ ಹೋಗಿಬಿಟ್ಟಿತು. ನನ್ನದು ಹೋಗಲಿಲ್ಲ. ಸುತ್ತಲೂ ಗಡಿ ಹಾಕಿಕೊಂಡು, ನಡುವೆ ಬಿಳಿಯಾಗಿ, ಹೊಲ ಅಳೆದು ಬೇಲಿ ಹಾಕಿದವರ ಹಾಗೆ ವರ್ಷದಿಂದ ವರ್ಷಕ್ಕೆ ವಿಸ್ತಾರವಾಯಿತು. ನಾನು ಕರಬಸಪ್ಪನಿಗೆ ಹೇಳುತ್ತಿದ್ದೆ: "ನಿನ್ನ ಮೈಯಾಗ ಏನೂ ಸತ್ವ ಇಲ್ಲೋ, ಒಂದು ಗಜಕರ್ಣಕ್ಕೂ ಊಟ ಹಾಕೂ ತಾಕತ್ತಿಲ್ಲ."

ಬಸ್‌ಸ್ಟ್ಯಾಂಡಿನಲ್ಲಿ ಮಾರುವ ಮುಲಾಮುಗಳನ್ನು ಹಚ್ಚಿದೆ. ಒಂದು ಹಳದಿ, ಒಂದು ಕಪ್ಪು, ಇನ್ನೊಂದು ಹಚ್ಚಿದ ಕೂಡಲೇ ಓಡಬೇಕು ಎನಿಸುವಂಥದ್ದು. ಹಚ್ಚಿದಾಗ ಗಜಕರ್ಣ ತಲೆ ತಗ್ಗಿಸುತ್ತಿತ್ತು, ಬಿಟ್ಟ ಕೂಡಲೇ ಮತ್ತೆ ಎದ್ದು ಕೂರುತ್ತಿತ್ತು. ಹೋದ ಮಳೆಗಾಲದಲ್ಲಿ ನನ್ನ ಟವೆಲ್ಲಿನಲ್ಲಿ ಕೈ ಒರೆಸಿಕೊಂಡ ನಿನ್ನ ಮುಮಾನಿಯ ಮಣಿಕಟ್ಟಿಗೂ ಒಂದು ಉಂಗುರ ಬಿತ್ತು. "ಮದುವಿ ಆಗಿ ಇಪ್ಪತ್ತೆಂಟು ವರ್ಷಕ್ಕ ಒಂದು ಉಂಗುರ ಕೊಟ್ಟೇನಿ ನೋಡು" ಎಂದೆ. ಅವಳು ನಗಲಿಲ್ಲ. ಆ ಉಂಗುರ ಕರಬಸಪ್ಪನದರ ಹಾಗೆಯೇ ಉರಿದು, ಬಾತು, ಸಿಪ್ಪೆ ಬಿಟ್ಟು, ಒಂದು ತಿಂಗಳೊಳಗೆ ಗುರುತಿಲ್ಲದೆ ಹೋಯಿತು. ಆಗ ಅವಳ ತಲೆಯಲ್ಲಿ ಒಂದು ಪ್ರಶ್ನೆ ಹುಟ್ಟಿತು; ನಿನ್ನ ಮುಮಾನಿಯ ತಲೆಯಲ್ಲಿ ಪ್ರಶ್ನೆ ಹುಟ್ಟುವುದು ಅಪರೂಪ, ಹುಟ್ಟಿದರೆ ಸಾಯುವುದಿಲ್ಲ. ಒಂದೇ ಮನೆ, ಒಂದೇ ರೊಟ್ಟಿ, ಒಂದೇ ಗಜಕರ್ಣ. ತನ್ನದು ಯಾಕೆ ಹೋಯಿತು, ಇವರದು ಯಾಕೆ ಹೋಗುವುದಿಲ್ಲ? ಅಷ್ಟರಲ್ಲಿ ನೀನು ಬಸುರಿ ಎಂಬ ಸುದ್ದಿ ಬಂತು. ಅವಳು ನನ್ನ ರಟ್ಟೆ ಹಿಡಿದು ಹಾವೇರಿ ಬಸ್ಸು ಹತ್ತಿಸಿದಳು.

ಹಾವೇರಿಯಲ್ಲಿ ಹೊಸದಾಗಿ ದವಾಖಾನೆ ತೆರೆದಿರುವ ಚರ್ಮದ ಡಾಕ್ಟರು ಪ್ರಭುಲಿಂಗಪ್ಪನವರು ಸಣ್ಣ ವಯಸ್ಸಿನವರು, ಆದರೆ ಕನ್ನಡಕ ದೊಡ್ಡದು. ನನ್ನ ಸೊಂಟ ನೋಡಿ ಅವರ ಮುಖ ಅರಳಿದ್ದನ್ನು ನೀನು ನೋಡಬೇಕಿತ್ತು; ಮೊದಲ ದರ್ಜೆಯ ಮಾಲು ಕಂಡ ವ್ಯಾಪಾರಿಯ ಮುಖ. ನಾನು ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವನು, ಏನಿದ್ದರೂ ಬಿಡಿಸಿ ಹೇಳಿರಿ ಎಂದೆ. ಹೇಳಿದರು. "ಇದು ಹುಳಾ ಅಲ್ರಿ ದಾದಾಸಾಬರ, ಹೆಸರಷ್ಟ ಹುಳಕಡ್ಡಿ. ಇದು ಬೂಷ್ಟು. ನಿಮ್ಮ ಮೆಣಸಿನಕಾಯಿ ಚೀಲಕ್ಕ ನೀರು ತಾಗಿದ್ರ ಒಳಗ ಹಿಡಿತೈತಲ್ಲ, ಅದರ ಬಳಗ." ನಮ್ಮ ಚರ್ಮದ ಮೇಲಿನ ಪದರು ಸತ್ತ ಪದರಂತೆ ಬೇಟಿ, ಇಷ್ಟು ವರ್ಷ ನಾನು ಸೋಪು ಹಚ್ಚಿ ತಿಕ್ಕಿದ್ದು ಹೆಣಕ್ಕೆ ಎಂದು ಆಗ ತಿಳಿಯಿತು. ಈ ಬೂಷ್ಟು ಆ ಸತ್ತ ಪದರನ್ನು ತಿಂದು ಬದುಕುತ್ತದೆ, ಕೆಳಗಿನ ಜೀವಂತ ಚರ್ಮಕ್ಕೆ ಸಾಮಾನ್ಯವಾಗಿ ಇಳಿಯುವುದಿಲ್ಲ. ಆದರೆ ತಿನ್ನುವಾಗ ಅದರ ಮೈಯ ಪ್ರೋಟೀನುಗಳು ಸ್ವಲ್ಪ ಸ್ವಲ್ಪ ಕೆಳಗೆ ಜಿನುಗುತ್ತವೆ. ಮೇಲಿನ ಅಟ್ಟದಲ್ಲಿ ಕದ್ದು ಕೂತವನ ಎಂಜಲು ಕೆಳಗಿನ ಪಡಸಾಲೆಗೆ ಬಿದ್ದ ಹಾಗೆ. ರಕ್ತದಲ್ಲಿರುವ ಕಾವಲುಗಾರರು ಅದನ್ನು ಹಿಡಿದೇ, ಮೇಲೆ ಯಾರೋ ಇದ್ದಾರೆ ಎಂದು ಎಚ್ಚರಾಗುತ್ತಾರೆ. ಎಚ್ಚರಾದವರು ಏನು ಮಾಡುತ್ತಾರೆ ಎಂಬುದು ಮಾತ್ರ ಒಬ್ಬೊಬ್ಬರ ಮೈಯಲ್ಲಿ ಒಂದೊಂದು ಬಗೆ. ಆ ಬಗೆಯನ್ನೇ ಡಾಕ್ಟರು ಅಭ್ಯಾಸ ಮಾಡುತ್ತಿದ್ದರು. ಬೂಷ್ಟನ್ನು ಬೆಳೆಸಿ, ಕೊಂದು, ಅದರ ಪ್ರೋಟೀನು ತೆಗೆದು ಮಾಡಿದ ನೀರು ಅವರ ಹತ್ತಿರ ಒಂದು ಸಣ್ಣ ಸೀಸೆಯಲ್ಲಿತ್ತು. "ಒಬ್ರ ಮೈಯಾಗ ಹೋಗೈತಿ, ಒಬ್ರ ಮೈಯಾಗ ನಿಂತೈತಿ. ಇಬ್ರೂ ತೋಳು ಕೊಟ್ರ ಒಂದು ಹನಿ ಚರ್ಮದಾಗ ಹಾಕಿ ನೋಡೂಣು" ಎಂದರು. ನಿನ್ನ ಮುಮಾನಿ ಬಳೆ ಸರಿಸಿ ತೋಳು ಚಾಚಿದಳು. ನಾನು ಅಂಗಿಯನ್ನೇ ಬಿಚ್ಚಿದೆ.

ಸೂಜಿ ಚುಚ್ಚಿ ಹೊರಗಿನ ಬೆಂಚಿನ ಮೇಲೆ ಕೂಡಿಸಿದರು. ಚಹಾ ತರಿಸಿಕೊಂಡು ಕುಡಿದು ಕಪ್ಪು ಕೆಳಗಿಡುವುದರೊಳಗೆ ನನ್ನ ತೋಳು ಎದ್ದಿತು ನೋಡು! ಗುಳ್ಳೆ ಎಂದರೆ ಅವಮಾನ. ಎಣ್ಣೆಗೆ ಬಿಟ್ಟ ಪೂರಿ ಉಬ್ಬಿದ ಹಾಗೆ, ಸುತ್ತಲೂ ಕೆಂಪು, ನಡುವೆ ಬೆಳ್ಳಗೆ. ತುರಿಕೆಯೋ, ಕುಣಿಯಬೇಕು ಎನ್ನುವಷ್ಟು. ನಿನ್ನ ಮುಮಾನಿಯ ತೋಳು ನೋಡಿದೆ. ಸೂಜಿಯ ಚುಕ್ಕಿ ಬಿಟ್ಟರೆ ಏನೂ ಇಲ್ಲ, ನಿದ್ದೆ ಮಾಡುತ್ತಿತ್ತು. ನಾನು ಎದ್ದು ನಿಂತು ಬೆಂಚಿನ ಮೇಲಿದ್ದವರಿಗೆಲ್ಲ ತೋಳು ತೋರಿಸಿದೆ. ಇದು ನೋಡಿರಿ ಮೈಯ ಕಾವಲು, ಶತ್ರು ಬಂದ ಕೂಡಲೇ ಸೈನ್ಯ ಬಂತು ಎಂದೆ. ಕೂಸನ್ನು ಎತ್ತಿಕೊಂಡಿದ್ದ ಒಬ್ಬಳು, "ನಮಗ ತೋರಸಬ್ಯಾಡ್ರಿ ಕಾಕಾ, ಕೂಸು ಅಂಜತೈತಿ" ಎಂದು ಆ ಕಡೆ ತಿರುಗಿದಳು. ಡಾಕ್ಟರು ಹೊರಗೆ ಬಂದು ಇಬ್ಬರ ತೋಳನ್ನೂ ನೋಡಿದರು, ನನ್ನದನ್ನು ಅಳೆದರು. "ಎರಡು ದಿನ ಬಿಟ್ಟು ಮತ್ತ ಬರ್ರಿ, ಖರೇ ನೋಡೂದು ಆವಾಗ" ಎಂದಷ್ಟೇ ಹೇಳಿದರು. ಬಸ್ಸಿನಲ್ಲಿ ನಿನ್ನ ಮುಮಾನಿಗೆ ನಾನು ಸಮಾಧಾನ ಹೇಳಿದೆ. ಎಲ್ಲರ ಮೈಯೂ ಪೈಲವಾನರ ಮೈ ಆಗುವುದಿಲ್ಲ, ಬೇಸರ ಮಾಡಿಕೊಳ್ಳಬೇಡ ಎಂದೆ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು.

ಬ್ಯಾಡಗಿಯಲ್ಲಿ ಇಳಿದವನು ಮನೆಗೆ ಹೋಗಲಿಲ್ಲ, ನೇರ ಪೇಟೆಗೆ ಹೋದೆ. ತೋಳು ತೋರಿಸಿದೆ. ಕರಬಸಪ್ಪ ತನ್ನ ಚೀಲಗಳ ಮೇಲೆ ಕೂತು ಬಹಳ ಹೊತ್ತು ನೋಡಿದ. ಎರಡು ದಿನದ ಮೇಲೆ ಡಾಕ್ಟರು ನನ್ನ ತೋಳನ್ನೇ ಮೇಲು ಎನ್ನುತ್ತಾರೆ, ಇಲ್ಲದಿದ್ದರೆ ಇಡೀ ಪೇಟೆಗೆ ಮಿರ್ಚಿ ಮಂಡಕ್ಕಿ ನನ್ನದು ಎಂದು ಪಂಥ ಕಟ್ಟಿದೆ. ಸಂಜೆಯ ನಮಾಜಿಗೆ ಕೈ ತೊಳೆಯುವಾಗ ನೋಡುತ್ತೇನೆ, ಪೂರಿ ಇಳಿದಿದೆ! ತೋಳು ತೋಳಿನ ಹಾಗೇ ಇದೆ. ಮರುದಿನ ಕರಬಸಪ್ಪ ನನ್ನ ತೋಳನ್ನು ಬಿಸಿಲಿಗೆ ಹಿಡಿದು, ಹೊರಳಿಸಿ, "ಎಲ್ಲಿ ಹೋತೋ ನಿನ್ನ ಸೈನ್ಯ? ರಜಾ ಮ್ಯಾಲೆ ಹೋಗೈತೇನು?" ಎಂದ. ಸುತ್ತ ನಿಂತವರು ಆಗಲೇ ಮಿರ್ಚಿಗೆ ಎಷ್ಟು ಹಿಟ್ಟು ಕಲಿಸಬೇಕೆಂದು ಮಾತಾಡುತ್ತಿದ್ದರು.

ಇಲ್ಲಿ ನಾನು ಒಂದು ಕೆಲಸ ಮಾಡಿದೆ. ನಿನ್ನ ಮುಮಾನಿ ಇದನ್ನು ನಿನಗೆ ಬೇರೆ ಬಗೆಯಾಗಿ ಹೇಳಿರಬಹುದು, ಆದ್ದರಿಂದ ನಾನೇ ಹೇಳುತ್ತೇನೆ. ನಮ್ಮ ಪೇಟೆಯಲ್ಲಿ ಮಾಲು ಬಂದರೆ ನಾವು ಮೊದಲು ನೋಡುವುದೇನು? ಬಣ್ಣ. ಕಡೆಗೆ ನೋಡುವುದೇನು? ಬಣ್ಣ. ಬ್ಯಾಡಗಿಯಲ್ಲಿ ಕೆಂಪು ಹೆಚ್ಚಿದಷ್ಟೂ ದರ್ಜೆ ಮೇಲು, ಖಾರವನ್ನು ಯಾರೂ ಕೇಳುವುದಿಲ್ಲ. ಮೂವತ್ತು ವರ್ಷ ಇದೇ ಕೆಲಸ ಮಾಡಿದ ನನ್ನ ಕಣ್ಣಿಗೆ, ಡಾಕ್ಟರೂ ತೋಳಿನ ಕೆಂಪು ನೋಡಿಯೇ ದರ್ಜೆ ಹಾಕುತ್ತಾರೆ ಎಂದು ಅನಿಸಿದ್ದರಲ್ಲಿ ತಪ್ಪೇನಿದೆ? ಅಂಗಡಿಯಲ್ಲಿ ಇದ್ದುದರಲ್ಲಿ ಮೇಲಾದ ಡಬ್ಬಿ ಮೆಣಸಿನಕಾಯಿ, ಸುಕ್ಕು ಸುಕ್ಕಾಗಿ ದುಂಡಗಿರುತ್ತದಲ್ಲ, ಅದನ್ನು ಆರಿಸಿ, ಬೀಜ ತೆಗೆದು, ಸಿಪ್ಪೆ ಅರೆದು ಎಣ್ಣೆಯಲ್ಲಿ ನೆನೆಸಿದೆ. ಹಾವೇರಿಗೆ ಹೊರಡುವ ಬೆಳಿಗ್ಗೆ ಬಚ್ಚಲಲ್ಲಿ ನಿಂತು ತೋಳಿಗೆ ತಿಕ್ಕಿದೆ. ಉರಿ ಇಲ್ಲ ಏನಿಲ್ಲ, ಬಣ್ಣ ಮಾತ್ರ! ಮದುಮಗಳ ಅಂಗೈಗೆ ಮೆಹಂದಿ ಏರಿದ ಹಾಗೆ ಏರಿತು. ಹೊರಗಿನ ಮಾಲಿಗೆ ಇಂಥ ಬಣ್ಣ ಬರುವುದಿಲ್ಲ ಎಂದು ನನಗೇ ಹೆಮ್ಮೆಯಾಯಿತು. ತುಂಬುತೋಳಿನ ಅಂಗಿ ಹಾಕಿಕೊಂಡೆ. ಬಸ್ಸಿನಲ್ಲಿ ನಿನ್ನ ಮುಮಾನಿ ಎರಡು ಸಲ ಮೂಗು ಏರಿಸಿ, "ಯಾರೋ ಒಗ್ಗರಣಿ ಹಾಕ್ಯಾರ" ಎಂದಳು. ನಾನು ಡ್ರೈವರನ ಕಡೆ ನೋಡಿದೆ.

ಡಾಕ್ಟರು ನನ್ನ ತೋಳು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಆಮೇಲೆ ಹತ್ತಿಗೆ ಸ್ಪಿರಿಟ್ ಹಾಕಿ ಒಮ್ಮೆ ಎಳೆದರು. ಹತ್ತಿ ಕೆಂಪಾಯಿತು, ತೋಳು ಬೆಳ್ಳಗಾಯಿತು. ಇನ್ನೊಂದು ಹತ್ತಿ ತೆಗೆದುಕೊಂಡರು, ಅದೂ ಕೆಂಪು. ನಿನ್ನ ಮುಮಾನಿ ಆ ಹತ್ತಿಯನ್ನು ಇಸಿದುಕೊಂಡು ಮೂಸಿ ನೋಡಿ, ಡಾಕ್ಟರಿಗೆ ಬಹಳ ಮರ್ಯಾದೆಯಿಂದ, "ಡಬ್ಬಿ ಐತ್ರಿ. ಒಳ್ಳೆ ಮಾಲು" ಎಂದಳು. ಕಂಪೌಂಡರ್ ಗೋಡೆಯ ಕಡೆ ತಿರುಗಿ ನಿಂತ, ಅವನ ಭುಜ ಅಲುಗುತ್ತಿದ್ದವು. ಡಾಕ್ಟರು ನಗಲಿಲ್ಲ, ಒಳ್ಳೆಯ ಮನುಷ್ಯ. "ನಾವು ಬಣ್ಣ ನೋಡಂಗಿಲ್ರಿ ದಾದಾಸಾಬರ, ಗಟ್ಟಿ ನೋಡತೇವಿ" ಎಂದು ಜೇಬಿನಿಂದ ಬಾಲ್‌ಪೆನ್ನು ತೆಗೆದು, ನನ್ನ ತೋಳಿನ ಮೇಲೆ ಮೆಲ್ಲಗೆ ಗೆರೆ ಎಳೆಯುತ್ತಾ ಬಂದರು. ಗಟ್ಟಿ ಗಂಟು ಇದ್ದರೆ ಅದರ ಅಂಚಿಗೆ ಪೆನ್ನು ತಡೆದು ನಿಲ್ಲುತ್ತದಂತೆ. ನನ್ನ ತೋಳಿನಲ್ಲಿ ಪೆನ್ನು ಎಲ್ಲಿಯೂ ನಿಲ್ಲಲಿಲ್ಲ, ಮೋಟೆಬೆನ್ನೂರಿನ ಹೈವೇ ಮೇಲೆ ಲಾರಿ ಹೋದ ಹಾಗೆ ಈ ತುದಿಯಿಂದ ಆ ತುದಿಗೆ ಹೋಯಿತು. ಆಮೇಲೆ ನಿನ್ನ ಮುಮಾನಿಯ ತೋಳು. ಅಲ್ಲಿ ಪೆನ್ನು ಒಂದು ಕಡೆಯಿಂದ ಬಂದು ನಿಂತಿತು, ಇನ್ನೊಂದು ಕಡೆಯಿಂದ ಬಂದು ನಿಂತಿತು. ನಡುವೆ ಎಂಟಾಣೆ ಅಗಲದ ಗಂಟು, ಮುಟ್ಟಿದರೆ ಗಟ್ಟಿ, ಮೇಲೆ ತುಸುವೇ ಕೆಂಪು. ಎರಡು ದಿನ ಅದನ್ನು ಸೆರಗಿನೊಳಗೆ ಇಟ್ಟುಕೊಂಡು ಓಡಾಡಿದ್ದಾಳೆ, ಒಬ್ಬರಿಗೂ ತೋರಿಸಿಲ್ಲ!

ಆಗ ಡಾಕ್ಟರು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ಆ ಪ್ರೋಟೀನು ಕಂಡಾಗ ಮೈಯಲ್ಲಿ ಎರಡು ಬಗೆಯ ಪಡೆ ಏಳಬಹುದು. ಒಂದು ಕೂಡಲೇ ಏಳುವ ಪಡೆ. ಅದು ಬಾಜಾ ಬಜಂತ್ರಿಯವರ ಹಾಗೆ. ಕ್ಷಣದಲ್ಲಿ ಬಂದು, ಗದ್ದಲ ಹಾಕಿ, ನೀರು ತುಂಬಿಸಿ, ಉಬ್ಬಿಸಿ, ತುರಿಸಿ, ಊಟದ ಹೊತ್ತಿಗೆ ಮನೆಗೆ ಹೋಗಿಬಿಡುತ್ತದೆ. ಬೂಷ್ಟು ಅಟ್ಟದ ಮೇಲೆ ಕೂತು ಬಾಜಾ ಕೇಳುತ್ತದೆ, ಅಷ್ಟೇ. ಇನ್ನೊಂದು ಪಡೆ ತಡವಾಗಿ ಬರುತ್ತದೆ. ಹಿಂದೆ ಒಮ್ಮೆ ಕಂಡ ಶತ್ರುವಿನ ಗುರುತನ್ನು ಇಟ್ಟುಕೊಂಡವರು ಅದರಲ್ಲಿರುತ್ತಾರೆ. ಅವರು ಒಬ್ಬರಿಗೊಬ್ಬರು ಹೇಳಿ, ಜನ ಕೂಡಿಸಿ ಬರುವುದಕ್ಕೆ ಎರಡು ದಿನ ಬೇಕು. ಬಂದ ಮೇಲೆ ಮಾತಿಲ್ಲ. ಆ ಜಾಗದ ಚರ್ಮ ಬೇಗ ಬೇಗ ಬೆಳೆದು, ಮೇಲಿನ ಪದರನ್ನು ಬೂಷ್ಟಿನ ಸಮೇತ ಸಿಪ್ಪೆ ಮಾಡಿ ಕೆಡವುತ್ತದೆ. ಬಾಡಿಗೆದಾರ ಬಿಡದಿದ್ದರೆ ಮನೆಯ ಹೆಂಚನ್ನೇ ಇಳಿಸಿದ ಹಾಗೆ. ವರ್ಷಗಟ್ಟಲೆ ಗಜಕರ್ಣ ಸಾಕಿಕೊಂಡವರಲ್ಲಿ ಬಹಳ ಮಂದಿಗೆ ಮೊದಲನೆಯ ಪಡೆ ಜೋರು, ಎರಡನೆಯದು ಮಂದ. ಎಲ್ಲರಿಗೂ ಹಾಗೆಯೇ ಎಂದು ಹೇಳಲು ಬರುವುದಿಲ್ಲ, ಆದರೆ ನಿಮ್ಮಿಬ್ಬರ ತೋಳೂ ಹಾಗೆಯೇ ಹೇಳುತ್ತಿವೆ ಎಂದರು. "ಯಜಮಾನರ ಮೈ ಲಗೂ ಸಿಟ್ಟಿಗೇಳತೈತಿ, ಕೆಲಸ ಮುಗಸಂಗಿಲ್ಲ" ಎಂದು ನಿನ್ನ ಮುಮಾನಿಗೆ ತಿಳಿಸಿ ಹೇಳಿದರು. ಅವಳು ಸೆರಗು ಸರಿಮಾಡಿಕೊಂಡು, "ಇದನ್ನ ತಿಳಕೊಳ್ಳಾಕ ಸೂಜಿ ಯಾಕ ಬೇಕಿತ್ರಿ ಡಾಕ್ಟರ? ನನ್ನ ಕೇಳಿದ್ರ ನಾನ ಹೇಳತಿದ್ನೆಲ್ಲ" ಎಂದಳು. ಈ ಸಲ ಡಾಕ್ಟರೂ ನಕ್ಕರು. ಪೇಟೆಗೆ ಮಿರ್ಚಿ ಮಂಡಕ್ಕಿ ನಾನೇ ಕೊಡಿಸಿದೆ. ಕರಬಸಪ್ಪ ಮಿರ್ಚಿ ಕಚ್ಚಿ ಕಚ್ಚಿ, "ಬಣ್ಣ ಭಾಳ ಚಲೋ ಬಂದೈತಿ ದಾದಾ" ಎಂದು ಹೊಗಳಿದ.

ಮೈಯ ಪಡೆ ಸೋತಲ್ಲಿ ಔಷಧ ಕೆಲಸ ಮಾಡಬೇಕು ಎಂದು ಡಾಕ್ಟರು ಗುಳಿಗೆ ಕೊಟ್ಟರು. ಹೊಟ್ಟೆ ತುಂಬ ಉಂಡ ಮೇಲೆ ನುಂಗಬೇಕು, ತಿಂಗಳುಗಟ್ಟಲೆ ನುಂಗಬೇಕು, ಲುಂಗಿ ಟವೆಲ್ಲು ಕುದಿಸಬೇಕು, ಸೊಂಟ ಒಣಗಿರಬೇಕು. ಹೊಟ್ಟೆ ತುಂಬ ಉಣ್ಣುವುದನ್ನು ನಾನು ಒಂದು ದಿನವೂ ತಪ್ಪಿಸಲಿಲ್ಲ. ಮೂರು ವಾರಕ್ಕೆ ತುರಿಕೆ ನಿಂತಿತು. ನಿಂತ ಕೂಡಲೇ ನಾನು ಗೆದ್ದೆ ಎಂದು ಸಾರಿ ಗುಳಿಗೆ ಬಿಟ್ಟೆ, ಹಳೆಯ ಲುಂಗಿಯನ್ನೇ ಉಟ್ಟೆ. ಜೀಪು ಬಂದು ಬಾಗಿಲಲ್ಲಿ ನಿಂತ ದಿನ, ಏಣಿ ಹತ್ತಿ ತೊಟ್ಟಿಲಿನ ಹಗ್ಗ ಕಟ್ಟುವಾಗ ನನ್ನ ಅಂಗಿ ಮೇಲೇರಿತು. ಕೆಳಗೆ ಏಣಿ ಹಿಡಿದು ನಿಂತಿದ್ದ ನಿನ್ನ ಮುಮಾನಿಗೆ ಹೊಸ ಉಂಗುರ ಕಂಡಿತು, ಹಳೆಯದಕ್ಕಿಂತ ದುಂಡಗೆ. ಅವಳು ಒಳಗೆ ಹೋಗಿ ತನ್ನ ಟ್ರಂಕು ತಂದು ಜೀಪಿನಲ್ಲಿಟ್ಟಳು. ಹೊಸ್ತಿಲ ಮೇಲೆ ನಿಂತು ಆಡಿದ್ದನ್ನು ಮೊದಲೇ ಬರೆದಿದ್ದೇನೆ.

ಬೇಟಿ, ಆ ದಿನದಿಂದ ನಿನ್ನ ಮಾಮು ಬದಲಾಗಿದ್ದಾನೆ. ಇದಕ್ಕೆ ಓಣಿಯೇ ಸಾಕ್ಷಿ. ಒಂದು ಗುಳಿಗೆಯೂ ತಪ್ಪಿಲ್ಲ. ಹಿತ್ತಲಿನಲ್ಲಿ ಹಂಡೆ ಇಟ್ಟು ಲುಂಗಿಗಳನ್ನು ಕುದಿಸುತ್ತೇನೆ; ಮೊದಲ ದಿನ ಬಿರಿಯಾನಿಯೆಂದು ತಿಳಿದು ಮೂರು ಮನೆಯವರು ಇಣುಕಿ ಹೋದರು. ಟವೆಲ್ಲು ನನ್ನದು ಬೇರೆ, ಹಾಸಿಗೆ ಬೇರೆ, ಬಿಸಿಲಿಗೆ ಹಾಕುವ ಹಗ್ಗವೂ ಬೇರೆ. ಸ್ನಾನವಾದ ಮೇಲೆ ಸೊಂಟ ಒಣಗಲೆಂದು ಅಂಗಳದಲ್ಲಿ ಗಾಳಿಗೆ ನಿಲ್ಲುತ್ತೇನೆ, ಈ ವಿಷಯದಲ್ಲಿ ಓಣಿಯ ಹೆಂಗಸರು ಸ್ವಲ್ಪ ಸಿಟ್ಟಾಗಿದ್ದಾರೆ. ಮನೆಗೆ ಸುಣ್ಣ ಬಳಿಸಿದ್ದೇನೆ. ಈಗ ನನ್ನ ಸೊಂಟ ಹೇಗಿದೆಯೆಂದರೆ, ಹದಿನೆಂಟರ ಹುಡುಗನದು ಅದರ ಮುಂದೆ ಮಂಕು. ಉಂಗುರವಿಲ್ಲ, ಗಡಿಯಿಲ್ಲ, ತುರಿಕೆಯಿಲ್ಲ. ಕನ್ನಡಿಯಲ್ಲಿ ನೋಡಿದೆ, ಕರಬಸಪ್ಪನಿಗೆ ತೋರಿಸಿದೆ, ಅವನು "ತಗೊಂಡು ಹೋಗೋ ಆ ಕಡೆ" ಎಂದನೇ ಹೊರತು ತಪ್ಪು ಹುಡುಕಲಾಗಲಿಲ್ಲ. ಆದ್ದರಿಂದ ಬರುವ ಶುಕ್ರವಾರ ಜೀಪು ತೆಗೆದುಕೊಂಡು ನಾನೇ ಬರುತ್ತೇನೆ, ಮುಂದಿನ ಸೀಟಿನಲ್ಲಿ ಕೂತು ಬರುತ್ತೇನೆ. ನೀನೂ ಮುಮಾನಿಯೂ ಸಿದ್ಧವಾಗಿರಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಲಿದೆ ಎಂದು ಬಿಸ್ಮಿಲ್ಲಾಬಿಯವರಿಗೆ ನಾನು ತುಸು ಗಟ್ಟಿಯಾಗಿಯೇ ಹೇಳಿದೆನೆಂದು ನೀನು ತುಸು ಮೆಲ್ಲಗೆ ಹೇಳು. ಅಜಾನ್ ನನ್ನದೇ.

ನಿನ್ನ ಹೊಟ್ಟೆಯೊಳಗಿನ ದಟ್ಟ ಕೂದಲಿನವನಿಗೆ, ಇಲ್ಲವೇ ದಟ್ಟ ಕೂದಲಿನವಳಿಗೆ, ನನ್ನ ಮುತ್ತು. ಶಮಶೇರಸಾಬನಿಗೆ ಆಶೀರ್ವಾದ. ಬೆಳ್ಳುಳ್ಳಿ ಸುಲಿಯುವವಳಿಗೆ ಏನು ಹೇಳಬೇಕೋ ತಿಳಿಯದು, ಬೆರಳು ಉರಿದರೆ ತುಪ್ಪ ಹಚ್ಚಿಕೊಳ್ಳಲಿ ಎನ್ನು.

ನಿನ್ನನ್ನು ಹೆಗಲ ಮೇಲೆ ಕೂಡಿಸಿಕೊಂಡು ಪೇಟೆಯೆಲ್ಲ ತಿರುಗಿದ,
ನಿನ್ನ ಮಾಮು,
ದಾದಾಸಾಬ (ಮುಲ್ಕಿ ಪಾಸ್)

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನು ಅವಸರದಲ್ಲಿ ಬರೆಯುತ್ತಿದ್ದೇನೆ, ಸೋಮವಾರ ಮಧ್ಯಾಹ್ನ. ಬೆಳಿಗ್ಗೆ ಹಾವೇರಿಗೆ ಹೋಗಿದ್ದೆ, ವಾಸಿಯಾಯಿತು ಎಂಬ ಮಾತನ್ನು ಡಾಕ್ಟರ ಬಾಯಿಂದಲೇ ಕೇಳಿ ಇಲ್ಲಿ ಬರೆಯೋಣವೆಂದು. ಅವರು ಸೊಂಟವನ್ನು ಮೆಲ್ಲಗೆ ಕೆರೆದು, ಆ ಹುಡಿಯನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿ, ನನಗೂ ತೋರಿಸಿದರು. ಮೊದಲ ಸಲ ಗುಳಿಗೆ ಕೊಡುವಾಗಲೂ ಹೀಗೆ ತೋರಿಸಿದ್ದರು, ಆಗ ಬೂಷ್ಟಿನ ಎಳೆಗಳು ಶಾವಿಗೆ ಚೆಲ್ಲಿದ ಹಾಗಿದ್ದವು. ಈಗ ಎರಡೋ ಮೂರೋ ಎಳೆ. ಆದರೆ ಇವೆ, ಬೇಟಿ. ನಾನು ನೋಡಿದೆ. "ಮ್ಯಾಲೆ ಹೋಗೈತಿ, ಒಳಗ ಇನ್ನೂ ಉಳದೈತಿ. ಗುಳಿಗಿ ಬಿಡಬ್ಯಾಡ್ರಿ" ಎಂದರು. ಕೂಸಿಗೆ ತಾಗಬಹುದೇ ಎಂದು ಕೇಳಿದೆ. ತಾಗಲಿಕ್ಕಿಲ್ಲ ಎಂದು ಹೇಳಲಾರೆ ಎಂದರು.

ಅದಕ್ಕೇ ನನ್ನ ಹಾಸಿಗೆ, ಲುಂಗಿ, ಟವೆಲ್ಲು, ಕುದಿಸುವ ಹಂಡೆ ಎಲ್ಲವನ್ನೂ ಮೋಟೆಬೆನ್ನೂರಿಗೆ, ಕರಬಸಪ್ಪನ ಗೋದಾಮಿಗೆ ಸಾಗಿಸುತ್ತಿದ್ದೇನೆ. "ಬೂಷ್ಟು ನನ್ನ ಮಾಲಿಗೆ ಹತ್ತೀತು" ಎಂದು ಬೈಯುತ್ತಲೇ ಅವನು ಗಾಡಿ ತಂದ. ಡಾಕ್ಟರು ಸೂಕ್ಷ್ಮದರ್ಶಕ ನೋಡಿ ಇಲ್ಲ ಎನ್ನುವತನಕ ನಾನು ಮನೆಯ ಹೊಸ್ತಿಲು ದಾಟುವುದಿಲ್ಲ. ತವರಿನ ಮನೆ ಇದೆ, ಸುಣ್ಣ ಆರಿದೆ, ತೊಟ್ಟಿಲು ಕಟ್ಟಿದೆ, ಹಾಸಿಗೆ ಟವೆಲ್ಲು ಎಲ್ಲ ಹೊಸವು, ಯಾವುದನ್ನೂ ನಾನು ಮುಟ್ಟಿಲ್ಲ, ಕರಬಸಪ್ಪನ ಹೆಂಡತಿ ಫಕ್ಕೀರವ್ವ ತಂದಿಟ್ಟಳು. ಶುಕ್ರವಾರ ಜೀಪು ಬರುತ್ತದೆ, ನಾನು ಬರುವುದಿಲ್ಲ. ಬೀಗದ ಕೈಯನ್ನು ಡ್ರೈವರನ ಹತ್ತಿರ ಕೊಟ್ಟಿರುತ್ತೇನೆ. ಅಜಾನ್ ಶಮಶೇರಸಾಬನೇ ಹೇಳಲಿ, ಅವನ ದನಿ ಮೆತ್ತಗಿದೆ, ಸಣ್ಣ ಕಿವಿಗೆ ಅದೇ ಸರಿ. ನಾನು ಅಂಗಳದ ಆಚೆ ನಿಂತಿರುತ್ತೇನೆ, ಮುಮಾನಿ ಕೂಸನ್ನು ಬಾಗಿಲವರೆಗೆ ತಂದು ತೋರಿಸಿದರೆ ಸಾಕು. ಎತ್ತಿಕೊಳ್ಳುವವರಲ್ಲಿ ಈ ಸಲ ನಾನು ಎಲ್ಲರಿಗಿಂತ ಕಡೆಯವನು.

ಇಷ್ಟನ್ನು ಓದಿ ಮುಗಿಸಿದ ಮೇಲೆ ಮುಮಾನಿಯ ಮುಖ ನೋಡು, ಆದರೆ ಏನೂ ಕೇಳಬೇಡ. ಅವಳು ಏನೂ ಅನ್ನದೆ ಬೆಳ್ಳುಳ್ಳಿ ಸುಲಿಯುತ್ತಲೇ ಇದ್ದರೆ ಗಾಬರಿಯಾಗಬೇಡ. ಕಾಗದ ನಿಮಗೆ ಬುಧವಾರ ತಲುಪುತ್ತದೆ, ಜೀಪು ಶುಕ್ರವಾರ ಬರುತ್ತದೆ. ತಡವಾಗಿ ಬರುವ ಪಡೆಗೆ ನಡುವೆ ಎರಡು ದಿನ ಇರಲಿ ಎಂದೇ ಬಿಟ್ಟಿದ್ದೇನೆ.